ಒಂದೇ ಬಸ್ ಚಾರ್ಜಿನಲ್ಲಿ ಎರಡು ತಪಾಸಣೆ

ಕಳಸದ ಆಸುಪಾಸಿನ ಕಾಫಿ ತೋಟದ ಲೈನ್ ಮನೆಯಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿಬರುವುದೆಂದರೆ ಬೆಳಗಿನ ಬಸ್ಸು ಹಿಡಿದು ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಕೆಲಸ. ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಹಣ್ಣು ಕುಯ್ಯುವ ತಿಂಗಳುಗಳಲ್ಲಿ, ಕುಯ್ದ ತೂಕಕ್ಕೆ ತಕ್ಕಂತೆ ಸಂಬಳ ಸಿಗುವಾಗ, ನಷ್ಟ ಇನ್ನೂ ದೊಡ್ಡದು. ಆದರೂ ಎಚ್‌ಐವಿ ಸೋಂಕಿರುವ ಹೆಣ್ಣುಮಕ್ಕಳು ವೈರಸ್ಸನ್ನು ಅಡಗಿಸಿಡುವ ಎಆರ್‌ಟಿ ಮಾತ್ರೆಗಾಗಿ ವರ್ಷಕ್ಕೆ ಹಲವು ಸಲ ಇಂಥ ಓಡಾಟ ಮಾಡುತ್ತಾರೆ. ಬಂದಾಗಲೆಲ್ಲ ಅವರನ್ನು ನಾಲ್ಕು ಪ್ರಶ್ನೆ ಕೇಳುವ ಕ್ರಮವಿದೆ: ಕೆಮ್ಮು ಇದೆಯೆ, ಜ್ವರ ಬರುತ್ತಿದೆಯೆ, ತೂಕ ಇಳಿದಿದೆಯೆ, ರಾತ್ರಿ ಬೆವರುತ್ತದೆಯೆ. ಕ್ಷಯವನ್ನು ಬೇಗ ಹಿಡಿಯಲು ರಾಷ್ಟ್ರೀಯ ಕಾರ್ಯಕ್ರಮ ರೂಢಿಗೆ ತಂದ ಈ ಪದ್ಧತಿ ಎಷ್ಟೋ ಜೀವ ಉಳಿಸಿದೆ. ಅದೇ ದಿನ, ಅದೇ ಕಟ್ಟಡದಲ್ಲಿ, ಅಷ್ಟೇ ಸಹಜವಾಗಿ ಗರ್ಭಕಂಠದ ತಪಾಸಣೆಯೂ ಆಗಬೇಕು ಎಂಬುದು ನನ್ನ ವಾದ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಆಗುವ ಮುಂಚೆಯೇ ಕಣ್ಣಿಗೆ ಬೀಳುವ, ಆಗಲೇ ತೆಗೆದುಹಾಕಬಹುದಾದ ಕಾಯಿಲೆ. ಆಸ್ಪತ್ರೆಯ ಬಾಗಿಲಿಗೆ ಮತ್ತೆ ಮತ್ತೆ ಬಂದು ಹೋಗುತ್ತಿದ್ದವಳು ಕೊನೆಗೆ ಇದೇ ಕ್ಯಾನ್ಸರಿನಿಂದ ಸತ್ತರೆ ಅದನ್ನು ಹಣೆಬರಹ ಎನ್ನಲಾಗದು.

ಈ ನಂಟು ತಿಳಿಯಬೇಕಾದರೆ ಆಸ್ಪತ್ರೆಯ ಚೀಟಿಯಲ್ಲಿ ಬರುವ ಕೆಲವು ಪದಗಳ ಹಿಂದೆ ಏನು ನಡೆಯುತ್ತದೆ ಎಂದು ನೋಡಬೇಕು. ಎಚ್‌ಐವಿ ಒಂದು ವೈರಸ್. ಆ ವೈರಸ್ ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಮೈಯಲ್ಲಿದ್ದು ರೋಗನಿರೋಧಕ ಶಕ್ತಿಯನ್ನು ಕುಸಿಯುವಂತೆ ಮಾಡಿದ ಮೇಲಿನ ಸ್ಥಿತಿ ಏಡ್ಸ್. ಸೋಂಕಿರುವವರಿಗೆಲ್ಲ ಏಡ್ಸ್ ಇರುವುದಿಲ್ಲ. ತಪ್ಪದೆ ಮಾತ್ರೆ ನುಂಗುವವರಿಗೆ ಬದುಕಿಡೀ ಬಾರದೆಯೇ ಇರಬಹುದು. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಟಿ ಕಣ ಎಂಬ ಬಗೆಯಿದೆ. ಅದರಲ್ಲೇ ಒಂದು ಗುಂಪಿನ ಮೇಲ್ಮೈಯಲ್ಲಿ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ. ಈ ಕಣಗಳ ಮುಖ್ಯ ಕೆಲಸ ರೋಗಾಣುವನ್ನು ತಾವೇ ಕೊಲ್ಲುವುದಲ್ಲ, ಉಳಿದ ಕಣಗಳನ್ನು ಎಬ್ಬಿಸುವುದು. ಪ್ರತಿಕಾಯ ತಯಾರಿಸುವ ಬಿ ಕಣಗಳಿಗೂ, ಸೋಂಕು ತಗುಲಿದ ಜೀವಕೋಶವನ್ನು ಹುಡುಕಿ ಕೊಲ್ಲುವ ಇನ್ನೊಂದು ಬಗೆಯ ಟಿ ಕಣಗಳಿಗೂ ಸಂಕೇತ ಹೋಗುವುದು ಇವುಗಳಿಂದ. ಎಚ್‌ಐವಿ ಒಳನುಗ್ಗುವುದು ಇದೇ ಸಿಡಿ4 ಪ್ರೋಟೀನನ್ನು ಹಿಡಿದುಕೊಂಡು. ಒಳಗೆ ಹೋದಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾರ್ಪಡಿಸಿ ಆ ಕಣದ ಡಿಎನ್‌ಎಯೊಳಗೇ ಸೇರಿಬಿಡುತ್ತದೆ. ಆದ್ದರಿಂದಲೇ ಮಾತ್ರೆಗಳು ಅದನ್ನು ಅಡಗಿಸಿಡಬಲ್ಲವು, ಪೂರ್ತಿ ಹೊರಹಾಕಲಾರವು. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500 ಸಿಡಿ4 ಕಣಗಳಿರುತ್ತವೆ. 200ಕ್ಕಿಂತ ಕೆಳಗಿಳಿದರೆ ವೈದ್ಯರು ಏಡ್ಸ್ ಹಂತ ಎನ್ನುತ್ತಾರೆ. ಗಟ್ಟಿಮುಟ್ಟಾದ ಮೈಗೆ ಏನೂ ಮಾಡದ ರೋಗಾಣುಗಳು ಸಂದು ನೋಡಿ ಮೇಲೆ ಬೀಳುವ ಅವಕಾಶವಾದಿ ಸೋಂಕುಗಳ ಕಾಲ ಅದು. ವೈರಲ್ ಲೋಡ್ ಎಂಬುದು ಇದರ ಮತ್ತೊಂದು ಮುಖ: ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ. ಮಾತ್ರೆ ಸರಿಯಾಗಿ ಕೆಲಸ ಮಾಡಿದರೆ ಈ ಲೆಕ್ಕ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಅಂಥವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಈ ಒಂದು ಸತ್ಯ ಮಲೆನಾಡಿನ ಹಳ್ಳಿಹಳ್ಳಿಗೆ ತಲುಪಿದ್ದರೆ ಎಷ್ಟು ಮನೆಗಳ ಸಂಕಟ ತಗ್ಗುತ್ತಿತ್ತೋ.

ಇನ್ನು ಕ್ಯಾನ್ಸರ್. 1981ರ ಬೇಸಿಗೆಯಲ್ಲಿ ಅಮೆರಿಕದ ವೈದ್ಯರು ಏಡ್ಸ್ ಎಂಬ ಹೊಸ ಕಾಯಿಲೆಯನ್ನು ಗುರುತಿಸಿದ್ದೇ ಒಂದು ಅಪರೂಪದ ನ್ಯುಮೋನಿಯಾ ಮತ್ತು ಒಂದು ಅಪರೂಪದ ಕ್ಯಾನ್ಸರಿನಿಂದ. ಚರ್ಮದ ಮೇಲೆ ನೇರಳೆ ಮಚ್ಚೆಯಂತೆ ಕಾಣುವ ಆ ಕ್ಯಾನ್ಸರನ್ನು, ಅಂದರೆ ಕಪೋಸಿ ಸಾರ್ಕೋಮಾವನ್ನು, ಮೊರಿಟ್ಜ್ ಕಪೋಸಿ 1872ರಲ್ಲೇ ವಿವರಿಸಿದ್ದ. ಅದರ ಹಿಂದೆ ಹರ್ಪಿಸ್ ಕುಟುಂಬದ ವೈರಸ್ ಒಂದಿದೆ ಎಂದು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ತೋರಿಸಿದ್ದು 1994ರಲ್ಲಿ. ಎಚ್‌ಐವಿ ಇರುವವರಲ್ಲಿ ಹೆಚ್ಚಾಗಿ ಕಾಣುವ, ಬಿಳಿ ರಕ್ತಕಣಗಳ ಕ್ಯಾನ್ಸರಾದ ಲಿಂಫೋಮಾಗಳಲ್ಲಿ ಹಲವಕ್ಕೆ ಎಪ್‌ಸ್ಟೈನ್-ಬಾರ್ ವೈರಸ್ ಕಾರಣ. ಇದು ನಮ್ಮಲ್ಲಿ ಬಹುಪಾಲು ಜನರ ಬಿ ಕಣಗಳಲ್ಲಿ ಚಿಕ್ಕಂದಿನಿಂದಲೇ ಸುಮ್ಮನೆ ಬಿದ್ದಿರುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಈ ಮೂರು ಕ್ಯಾನ್ಸರುಗಳನ್ನು ಏಡ್ಸ್ ಸೂಚಕ ಕ್ಯಾನ್ಸರುಗಳೆಂದು ಕರೆಯುತ್ತಾರೆ. ಗರ್ಭಕಂಠದ್ದು ಅಮೆರಿಕದ ಅಧಿಕೃತ ಪಟ್ಟಿಗೆ ಸೇರಿದ್ದು ತಡವಾಗಿ, 1993ರಲ್ಲಿ. ಹೆಂಗಸರ ಕಾಯಿಲೆ ಪಟ್ಟಿಗೆ ಬರಲು ಹನ್ನೆರಡು ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು. ಮೂರರಲ್ಲೂ ಜೀವಕೋಶವನ್ನು ಕೆಡಿಸುವುದು ಬೇರೆ ವೈರಸ್. ಎಚ್‌ಐವಿ ಮಾಡುವುದು ಅದನ್ನು ಹತ್ತಿಕ್ಕಿದ್ದ ಕಾವಲನ್ನು ತೆಗೆಯುವ ಕೆಲಸ. ಹಾಗಿದ್ದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1996ರಲ್ಲೇ ಎಚ್‌ಐವಿ-1 ಅನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಎಚ್‌ಐವಿಯನ್ನು ಪತ್ತೆ ಹಚ್ಚಿದ ಫ್ರಾನ್ಸ್‌ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನಿಯೆ ಅವರಿಗೆ ಹೋದರೆ, ಉಳಿದರ್ಧ ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಕಾರಣವೆಂದು ತೋರಿಸಿದ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ ಹೋಯಿತು. ಪ್ರಶಸ್ತಿಯ ವೇದಿಕೆಯಲ್ಲಿ ಅಕ್ಕಪಕ್ಕ ನಿಂತ ಈ ಎರಡು ಶೋಧಗಳು ಆಸ್ಪತ್ರೆಯಲ್ಲಿ ಇಂದಿಗೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿವೆ. ಕಪೋಸಿ ಸಾರ್ಕೋಮಾ ಭಾರತದಲ್ಲಿ ತೀರ ಅಪರೂಪ, ಏಕೆಂದರೆ ಅದರ ವೈರಸ್ಸೇ ಇಲ್ಲಿ ವಿರಳ. ಗರ್ಭಕಂಠದ ಕ್ಯಾನ್ಸರ್ ಹಾಗಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೊಸ ಪ್ರಕರಣ, 80 ಸಾವಿರದಷ್ಟು ಸಾವು. ನಮ್ಮ ಎಚ್ಚರ ಎಲ್ಲಿರಬೇಕು ಎನ್ನುವುದಕ್ಕೆ ಈ ಅಂಕಿ ಸಾಕು.

ಎಚ್‌ಪಿವಿ ಲೈಂಗಿಕ ಬದುಕಿರುವ ಹೆಚ್ಚುಕಡಿಮೆ ಎಲ್ಲರಿಗೂ ಎಂದಾದರೊಮ್ಮೆ ತಗಲುವ ಸೋಂಕು. ಇದರಲ್ಲಿ ನಡತೆಯ ಪ್ರಶ್ನೆ ಏನೂ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಯ ಮೈ ಎರಡು ವರ್ಷದೊಳಗೆ ಅದನ್ನು ತಾನಾಗಿ ಕಳೆದುಕೊಳ್ಳುತ್ತದೆ, ಹಾಗೆ ಕಳೆಯುವ ಕೆಲಸದಲ್ಲಿ ಸಿಡಿ4 ಕಣಗಳ ಪಾಲು ದೊಡ್ಡದು. ಆ ಕಣಗಳು ಕಡಿಮೆಯಾದವರಲ್ಲಿ ಸೋಂಕು ಉಳಿದುಬಿಡುತ್ತದೆ. ಹಾಗೆ ಉಳಿದುಕೊಂಡ ವೈರಸ್‌ಗಳು, ಅದರಲ್ಲೂ 16 ಮತ್ತು 18ನೆಯ ಬಗೆಗಳು, ಜೀವಕೋಶ ಲಂಗುಲಗಾಮಿಲ್ಲದೆ ಬೆಳೆಯದಂತೆ ತಡೆಯುವ ಎರಡು ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ರೋಗನಿರೋಧಕ ಶಕ್ತಿ ಸರಿಯಿರುವ ಮಹಿಳೆಯಲ್ಲಿ ಇದು ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಇಲ್ಲದವರಲ್ಲಿ 5ರಿಂದ 10 ವರ್ಷ ಸಾಕು. ಲಕ್ಷಣ ಕಾಣುವ ಮುಂಚೆಯೇ ಹುಡುಕಬೇಕು ಎಂಬುದನ್ನು ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ, ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಇದೇ ಪಾಠ ಕಲಿಸಿದೆ. ನೆರಳು ತೆಳುವಾದ ಕಡೆ ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಹುಳು ಒಳಗೊಳಗೇ ಕಾಂಡ ಕೊರೆಯುತ್ತದೆ, ಎಲೆ ಹಳದಿಯಾಗಿ ಗಿಡ ಬಾಡುವಾಗ ಕಿತ್ತು ಸುಡುವುದಲ್ಲದೆ ದಾರಿಯಿಲ್ಲ. ಹಾಗಾಗಿ ಎಲೆ ಬಾಡುವುದನ್ನು ಕಾಯದೆ ಸಾಲು ಸಾಲಾಗಿ ಗಿಡದ ಬುಡ ನೋಡಿ, ತೊಗಟೆಯ ಮೇಲಿನ ಉಬ್ಬುಗೆರೆ ಹುಡುಕುವ ಬೋರರ್ ಟ್ರೇಸಿಂಗ್‌ಗೆ ಆಳು ಹಚ್ಚುತ್ತಾರೆ. ಆ ಕೆಲಸಕ್ಕೆ ಹೋಗುವ ಹೆಂಗಸರ ಮೈಗೆ ಇಂಥದೊಂದು ತಪಾಸಣೆ ಬೇಡವೆ? ಸಂಪರ್ಕದ ನಂತರ ರಕ್ತ ಕಾಣುವುದು, ಮುಟ್ಟು ನಿಂತಮೇಲೆ ಮತ್ತೆ ರಕ್ತ, ವಾಸನೆಯ ಬಿಳಿಸೆರಗು, ಬಿಡದ ಸೊಂಟನೋವು, ಇವೆಲ್ಲ ಬಹಳ ಸಲ ತಡವಾಗಿ ಬರುವ ಲಕ್ಷಣಗಳು. ಅವನ್ನೂ ಮೈ ಉಷ್ಣವಾಗಿದೆ ಎಂದುಕೊಂಡು ತಿಂಗಳುಗಟ್ಟಲೆ ತಳ್ಳಿಬಿಡುತ್ತಾರೆ.

ಈ ತಪಾಸಣೆಯ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಎಆರ್‌ಟಿ ರೋಗನಿರೋಧಕ ಶಕ್ತಿಯನ್ನು ಮರಳಿ ತರುತ್ತದೆ, ಎಲ್ಲರಿಗೂ ಮಾತ್ರೆ ಸಿಗುತ್ತಿದೆ, ಹಾಗಿರುವಾಗ ಕ್ಯಾನ್ಸರಿನ ಅಪಾಯ ತಾನಾಗಿ ಕರಗಬೇಕಲ್ಲ ಎಂಬುದು. ಭಾಗಶಃ ಇದು ನಿಜ. 35 ದೇಶಗಳ 4,685 ಮಂದಿ ಪಾಲ್ಗೊಂಡ ಸ್ಟಾರ್ಟ್ ಅಧ್ಯಯನ, ಸಿಡಿ4 500ಕ್ಕಿಂತ ಮೇಲಿರುವಾಗಲೇ ಚಿಕಿತ್ಸೆ ಶುರುಮಾಡಿದವರಲ್ಲಿ ಸೋಂಕಿನಿಂದ ಬರುವ ಕ್ಯಾನ್ಸರುಗಳು ಬಹಳ ಕಡಿಮೆಯಾದದ್ದನ್ನು ತೋರಿಸಿತು. ಆದರೆ ಅಲ್ಲಿ ಮುಖ್ಯವಾಗಿ ತಗ್ಗಿದ್ದು ಕಪೋಸಿ ಸಾರ್ಕೋಮಾ ಮತ್ತು ಲಿಂಫೋಮಾ. ಗರ್ಭಕಂಠದ ವಿಚಾರದಲ್ಲಿ ಎಆರ್‌ಟಿ ನೆರವಾಗುತ್ತದೆ, ಕೆಲಸ ಪೂರ್ತಿ ಮುಗಿಸುವುದಿಲ್ಲ. ಒಮ್ಮೆ ಬೇರೂರಿದ ಎಚ್‌ಪಿವಿ, ಆಗಲೇ ಬದಲಾದ ಜೀವಕೋಶ, ಸಿಡಿ4 ಏರಿದ ಮಾತ್ರಕ್ಕೆ ಹಿಂದಿನ ಸ್ಥಿತಿಗೆ ಬರುವ ಭರವಸೆಯಿಲ್ಲ. ನಮ್ಮ ದೇಶದ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. 1986ರಲ್ಲಿ ಚೆನ್ನೈನಲ್ಲಿ ಸುನೀತಿ ಸಾಲೊಮನ್ ಅವರ ತಂಡ ಮೊದಲ ಸೋಂಕು ಪತ್ತೆ ಮಾಡಿದಾಗ ಚಿಕಿತ್ಸೆ ಇರಲಿಲ್ಲ. ಸರ್ಕಾರದ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು, ಆಗ ಮಾತ್ರೆ ಸಿಗುತ್ತಿದ್ದದ್ದು ಮುಖ್ಯವಾಗಿ ಸಿಡಿ4 200ಕ್ಕಿಂತ ಕೆಳಗಿಳಿದವರಿಗೆ. ಆ ಗೆರೆ ನಿಧಾನವಾಗಿ ಮೇಲೇರಿ, ಸೋಂಕು ಗೊತ್ತಾದ ಕೂಡಲೆ ಎಲ್ಲರಿಗೂ ಚಿಕಿತ್ಸೆ ಎಂದಾದದ್ದು 2017ರಲ್ಲಿ. ಹಾಗಾದರೆ ಈಗ ನಲವತ್ತು, ಐವತ್ತು ದಾಟುತ್ತಿರುವ ಅನೇಕ ಮಹಿಳೆಯರು ಹರೆಯದ ವರ್ಷಗಳನ್ನು ಕಡಿಮೆ ಸಿಡಿ4 ಇಟ್ಟುಕೊಂಡೇ ಕಳೆದಿದ್ದಾರೆ. ಎಚ್‌ಪಿವಿ ನೆಲೆಯೂರಿದ್ದೂ ಆಗಲೇ. ಅವರನ್ನು ಬದುಕಿಸಿದ್ದು ಎಆರ್‌ಟಿ. ಬದುಕಿದ್ದರಿಂದಲೇ ಅವರು ಈ ಕ್ಯಾನ್ಸರ್ ಮೇಲೆ ಬರುವ ವಯಸ್ಸಿಗೆ ತಲುಪಿದ್ದಾರೆ. ಸರ್ಕಾರಿ ವ್ಯವಸ್ಥೆಯ ಇಷ್ಟು ದೊಡ್ಡ ಸಾಧನೆಯನ್ನು ಅರ್ಧಕ್ಕೆ ಬಿಡುವುದು ಸಲ್ಲದು.

ಎರಡನೆಯ ಆಕ್ಷೇಪ ಸಂಖ್ಯೆಯದು. ಎಚ್‌ಐವಿಯ ಮಾತು ಬಂದಾಗ ಕರ್ನಾಟಕದಲ್ಲಿ ಹಿಂದಿನಿಂದ ಕೇಳಿಬರುವುದು ಬಾಗಲಕೋಟೆಯಂಥ ಉತ್ತರದ ಜಿಲ್ಲೆಗಳ ಹೆಸರು, ಮಲೆನಾಡಿನದಲ್ಲ. ಗರ್ಭಕಂಠದ ಕ್ಯಾನ್ಸರ್ ಬರುವ ಹೆಚ್ಚಿನ ಮಹಿಳೆಯರಿಗೂ ಎಚ್‌ಐವಿ ಇರುವುದಿಲ್ಲ. ಎರಡನ್ನೂ ಒಪ್ಪೋಣ. ಆದರೆ ಸಂಖ್ಯೆ ಕಡಿಮೆಯಿದ್ದಷ್ಟೂ ಈ ಕೆಲಸ ಸುಲಭ: ಯಾರಿಗೆ ಅಪಾಯ ಹೆಚ್ಚು ಎಂದು ಊರೂರು ಅಲೆದು ಹುಡುಕಬೇಕಿಲ್ಲ, ಅವರ ಕಡತ ಆಗಲೇ ಮೇಜಿನ ಮೇಲಿದೆ, ಮುಂದಿನ ಭೇಟಿಯ ದಿನಾಂಕವೂ ಗೊತ್ತಾಗಿದೆ. ಉಳಿದ ಮಹಿಳೆಯರ ಸ್ಥಿತಿಯೂ ಚಿಂತಾಜನಕವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಆಗಿದೆ ಎಂದ 30ರಿಂದ 49 ವಯಸ್ಸಿನವರು ದೇಶದಲ್ಲಿ ಶೇಕಡಾ 2ನ್ನೂ ಮುಟ್ಟಲಿಲ್ಲ. ಎಚ್‌ಐವಿ ಇರುವವರಿಗಾಗಿ ಕಟ್ಟಿದ ತಪಾಸಣೆ ಕೋಣೆ ಉಳಿದ ಎಲ್ಲ ಹೆಂಗಸರಿಗೂ ತೆರೆದೇ ಇರುತ್ತದೆ. ಇದೇ ಜಾಗದಲ್ಲಿ ಕೇಳಿಬರುವ ಇನ್ನೊಂದು ಮಾತಿದೆ: ಬಯಲುಸೀಮೆಯಿಂದಲೋ ಅಸ್ಸಾಮಿನಿಂದಲೋ ಕೆಲಸಕ್ಕೆ ಬಂದವರು ಕಾಯಿಲೆ ತರುತ್ತಾರೆ ಎಂದು. ಈ ಮಾತನ್ನು ನಾನು ಪೂರ್ತಿಯಾಗಿ ತಳ್ಳಿಹಾಕುತ್ತೇನೆ. ವೈರಸ್ ಯಾರ ಭಾಷೆ, ಯಾವ ಊರು ಎಂದು ನೋಡುವುದಿಲ್ಲ. ಮನೆಮಠ ಬಿಟ್ಟು ತಿಂಗಳುಗಟ್ಟಲೆ ದೂರ ಇರುವುದು, ಆಸ್ಪತ್ರೆಯಲ್ಲಿ ಮಾತು ಅರ್ಥವಾಗದಿರುವುದು, ಇವು ಕಾರ್ಮಿಕರನ್ನು ಅಪಾಯಕ್ಕೆ ಒಡ್ಡುತ್ತವೆ. ಅವರ ಮೇಲೆ ಬೆರಳು ತೋರಿಸಿದರೆ ಪರೀಕ್ಷೆಗೆ ಬರುವವರೂ ಬರದಂತಾಗುತ್ತಾರೆ.

ಮೂರನೆಯದು ಬೆಟ್ಟದ ತಾಲ್ಲೂಕುಗಳಲ್ಲಿ ತಜ್ಞರಿಲ್ಲ, ಪ್ರಯೋಗಾಲಯವಿಲ್ಲ ಎಂಬ ದೂರು. ಕಳಸದವರು ಸ್ತ್ರೀರೋಗ ತಜ್ಞರನ್ನು ಹುಡುಕಿಕೊಂಡು ಚಿಕ್ಕಮಗಳೂರಿಗೋ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ ಹೋಗಬೇಕಾದ ಸ್ಥಿತಿ ನಿಜ. ಆದರೆ ಮೊದಲ ಹಂತದ ತಪಾಸಣೆಗೆ ತಜ್ಞರು ಬೇಕಿಲ್ಲ. ವಿಐಎ ಎಂಬ ವಿಧಾನವನ್ನೇ ನೋಡಿ: ತರಬೇತಾದ ನರ್ಸ್ ಸ್ಪೆಕ್ಯುಲಮ್ ಇಟ್ಟು ಗರ್ಭಕಂಠ ಕಾಣುವಂತೆ ಮಾಡಿಕೊಂಡು, ಶೇಕಡಾ 3ರಿಂದ 5ರ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರ್‌ನಷ್ಟು ತೆಳುವಾದ ದ್ರಾವಣದಲ್ಲಿ, ಅದ್ದಿದ ಹತ್ತಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಒಂದು ನಿಮಿಷ ಕಾದು ದೀಪದ ಬೆಳಕಿನಲ್ಲಿ ನೋಡಿದರೆ ಕೆಟ್ಟ ಜೀವಕೋಶಗಳಿರುವ ಜಾಗ ಅಂಚು ಸ್ಪಷ್ಟವಿರುವ ಬಿಳಿ ತೇಪೆಯಾಗಿ ಎದ್ದು ಕಾಣುತ್ತದೆ. ಸುತ್ತಲಿನ ನಸುಗೆಂಪು ಹಾಗೇ ಉಳಿಯುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಟಾಟಾ ಸ್ಮಾರಕ ಆಸ್ಪತ್ರೆ ಮುಂಬೈಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ತಗ್ಗಿತು. ತಪಾಸಣೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಆದರೆ ವಿಐಎ ಎಲ್ಲೆಡೆ ಹೀಗೆ ಗೆದ್ದಿಲ್ಲ. ಕರ್ನಾಟಕದ ಗಡಿಗೆ ಹತ್ತಿರದ ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.31 ಲಕ್ಷ ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಸಲದ ವಿಐಎ ಸಾವನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ; ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಆದ್ದರಿಂದ ಎಚ್‌ಐವಿ ಇರುವವರಿಗೆ ಎಚ್‌ಪಿವಿ ಪರೀಕ್ಷೆಯೇ ಮೊದಲು, ಅದರಲ್ಲಿ ಪಾಸಿಟಿವ್ ಬಂದವರನ್ನು ವಿಐಎಯಂಥ ಎರಡನೆಯ ಪರೀಕ್ಷೆಯಿಂದ ಜರಡಿ ಹಿಡಿಯುವುದು ಸರಿಯಾದ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆಯೂ ಅದೇ: ಎಚ್‌ಐವಿ ಇರುವ ಮಹಿಳೆಯರಿಗೆ 25ನೆಯ ವಯಸ್ಸಿನಿಂದ, 3ರಿಂದ 5 ವರ್ಷಕ್ಕೊಮ್ಮೆ. ಈ ಪರೀಕ್ಷೆಯ ಮಾದರಿಯನ್ನು ಮಹಿಳೆ ತಾನೇ ಪರದೆಯ ಹಿಂದೆ ತೆಗೆದುಕೊಡಬಹುದು. ಬೇರೆಯವರ ಎದುರು ಮಲಗಬೇಕಲ್ಲ ಎಂಬ ಸಂಕೋಚದಿಂದ ಹಿಂದೆ ಸರಿಯುವವರಿಗೆ ಇದು ದೊಡ್ಡ ಬಿಡುಗಡೆ. ಕಫದಲ್ಲಿ ಕ್ಷಯ ಹುಡುಕಲು ಸರ್ಕಾರಿ ಆಸ್ಪತ್ರೆಗಳು ಬಳಸುವ ಟ್ರೂನ್ಯಾಟ್ ಯಂತ್ರ ಬೆಂಗಳೂರಿನಲ್ಲೇ ರೂಪುಗೊಂಡದ್ದು. ಎಚ್‌ಪಿವಿ ಪರೀಕ್ಷೆಗೂ ಅದಕ್ಕೆ ಬೇರೆ ಚಿಪ್ ಇದೆ. ಆ ಯಂತ್ರ ಇರುವ ತಾಲ್ಲೂಕು ಆಸ್ಪತ್ರೆಗೆ ಬೇಕಾದದ್ದು ಚಿಪ್‌ಗಳು ಮತ್ತು ತರಬೇತಿ. ಕ್ಯಾನ್ಸರ್ ಪೂರ್ವ ಹಂತ ಕಂಡರೆ ಆ ಜಾಗವನ್ನು ಬಿಸಿ ತುದಿಯಿಂದ ಸುಡುವ ಥರ್ಮಲ್ ಅಬ್ಲೇಷನ್ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಂದೆರಡು ನಿಮಿಷದ ಕೆಲಸ. ದೊಡ್ಡ ಗಾಯ, ಒಳಗೆ ಹರಡಿದ ಗಾಯ ಇದ್ದವರನ್ನು ಮಾತ್ರ ಮುಂದಕ್ಕೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಕಳಿಸಬೇಕಾಗುತ್ತದೆ. ಹಾಗೆ ಕಳಿಸುವಾಗ ಜೊತೆಗೆ ಯಾರು ಹೋಗುತ್ತಾರೆ, ಬಸ್ಸಿನ ಖರ್ಚು ಯಾರದು ಎನ್ನುವುದಕ್ಕೂ ಉತ್ತರ ಇರಬೇಕು. ಚೀಟಿ ಬರೆದುಕೊಟ್ಟರೆ ಚಿಕಿತ್ಸೆ ಆದಂತಲ್ಲ.

ಗುಟ್ಟು ಬಯಲಾಗುವ ಭಯ ಕೊನೆಯ ಆಕ್ಷೇಪ, ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮೂಡಿಗೆರೆಯಂಥ ಊರಿನಲ್ಲಿ ಯಾರು ಯಾವ ಕೋಣೆಗೆ ಹೋದರು ಎಂಬುದು ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಎಚ್‌ಐವಿ ಇರುವವರಿಗೆಂದೇ ಪ್ರತ್ಯೇಕ ದಿನ, ಪ್ರತ್ಯೇಕ ಸಾಲು ಮಾಡಿದರೆ ತಪಾಸಣೆಯೇ ಚಾಡಿ ಹೇಳಿದಂತಾಗುತ್ತದೆ ಎಂಬ ಅಂಜಿಕೆ ಸಕಾರಣ. ಇದಕ್ಕೆ ಪರಿಹಾರ ತಪಾಸಣೆಯನ್ನು ಕೈಬಿಡುವುದಲ್ಲ, ಎಲ್ಲರ ತಪಾಸಣೆಯೊಳಗೆ ಇವರದನ್ನೂ ಸೇರಿಸುವುದು. 2016ರ ರಾಷ್ಟ್ರೀಯ ಕಾರ್ಯಚೌಕಟ್ಟಿನ ಪ್ರಕಾರ 30ರಿಂದ 65 ವಯಸ್ಸಿನ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕು. ಎಲ್ಲ ಹೆಂಗಸರೂ ಹೋಗುವ ಒಂದೇ ಕೋಣೆ, ಒಂದೇ ರಿಜಿಸ್ಟರ್ ಇದ್ದಾಗ ಒಳಗೆ ಹೋದವಳ ಬಗ್ಗೆ ಹೊರಗೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಅವಳಿಗೆ ಬೇಗ ಮರುಪರೀಕ್ಷೆ ಬೇಕೆಂಬ ಸೂಚನೆ ಎಆರ್‌ಟಿ ಕೇಂದ್ರದ ಕಡತದಲ್ಲಿ ಮಾತ್ರ ಇದ್ದರೆ ಸಾಕು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ, ಉದ್ಯೋಗದಲ್ಲೂ ಚಿಕಿತ್ಸೆಯಲ್ಲೂ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ತೋಟದ ಮಾಲೀಕರಿಗೂ ಲೆಕ್ಕ ಬರೆಯುವ ರೈಟರ್‌ಗೂ ಮೇಸ್ತ್ರಿಗೂ ಈ ಕಾಯ್ದೆ ಗೊತ್ತಿರಬೇಕು. ಆಸ್ಪತ್ರೆಗೆ ಹೋಗಲು ರಜೆ ಕೇಳಿದ ಆಳಿಗೆ ಏನು ಕಾಯಿಲೆ ಎಂದು ಕೆದಕುವುದು ತಪ್ಪು. 1951ರ ತೋಟ ಕಾರ್ಮಿಕರ ಕಾಯ್ದೆಯೇ ದೊಡ್ಡ ತೋಟಗಳ ಮೇಲೆ ವೈದ್ಯಕೀಯ ಸೌಲಭ್ಯದ ಹೊಣೆ ಹೊರಿಸಿತ್ತು. ಎಲ್ಲ ಹೆಂಗಸರನ್ನೂ ವರ್ಷದಲ್ಲಿ ಒಂದು ದಿನ, ಕೂಲಿ ಕಡಿಯದೆ, ತಪಾಸಣೆಗೆ ಕಳಿಸುವುದು ಆ ಹೊಣೆಯ ಸಣ್ಣ ಪಾಲು. ಸಣ್ಣ ಹಿಡುವಳಿಗಳು ಕಾಯ್ದೆಯ ಆಚೆ ಉಳಿದವು, ಅಲ್ಲಿನ ಹೆಂಗಸರಿಗೆ ಆಶಾ ಕಾರ್ಯಕರ್ತೆಯರೇ ದಾರಿ.

ಲಸಿಕೆ ಬಂದಿದೆಯಲ್ಲ ಎನ್ನುವವರಿಗೆ ಒಂದು ಮಾತು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ, 9ರಿಂದ 14 ವರ್ಷದ ಹುಡುಗಿಯರಿಗೆ ಅದು ತಪ್ಪದೆ ಸಿಗಬೇಕು. ಎಚ್‌ಐವಿ ಇರುವ ಹುಡುಗಿಯರಿಗೆ ಒಂದು ಡೋಸ್ ಸಾಲದು, ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕು. ಆದರೆ ಲಸಿಕೆ ಆಗಲೇ ತಗುಲಿರುವ ಎಚ್‌ಪಿವಿಯನ್ನು ಹೊರಹಾಕುವುದಿಲ್ಲ. ತಾಯಂದಿರ ಪೀಳಿಗೆಗೆ ಉಳಿದಿರುವುದು ತಪಾಸಣೆ ಒಂದೇ.

ಕಾಫಿ ಸೀಮೆಯಲ್ಲಿ ಇದನ್ನು ನಡೆಸುವವರು ಇಲ್ಲಿನ ಋತುವನ್ನು ನೋಡಿಕೊಂಡು ದಿನ ಗೊತ್ತುಮಾಡಬೇಕು. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕುಯ್ಲು; ಆಗ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಳಸದ ಕಡೆಯ ಮಳೆಯಲ್ಲಿ ರಸ್ತೆಯನ್ನೇ ನಂಬುವಂತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಕೆಲಸ ಸ್ವಲ್ಪ ಸಡಿಲವಾಗುವ ಏಪ್ರಿಲ್, ಮೇ ತಿಂಗಳು ಸೂಕ್ತ. ಆದರೆ ಹೊರಗಿನಿಂದ ಬಂದ ಆಳುಗಳಲ್ಲಿ ಅನೇಕರು ಅಷ್ಟರಲ್ಲಿ ಊರಿಗೆ ಮರಳಿರುತ್ತಾರೆ. ಅಂಥವರಿಗೆ ಎಆರ್‌ಟಿ ಕೇಂದ್ರ ಕೊಡುವ ಹಸಿರು ಪುಸ್ತಕ ಜೊತೆಯಲ್ಲೇ ಹೋಗುತ್ತದೆ, ಮುಂದಿನ ಊರಿನ ಕೇಂದ್ರ ಅದನ್ನು ನೋಡಿ ಮಾತ್ರೆ ಮುಂದುವರಿಸುತ್ತದೆ. ಸಿಡಿ4 ಎಷ್ಟು, ವೈರಲ್ ಲೋಡ್ ಎಷ್ಟು ಎಂದು ಬರೆಯುವ ಪುಸ್ತಕದಲ್ಲೇ ಗರ್ಭಕಂಠದ ಪರೀಕ್ಷೆ ಯಾವತ್ತು ಆಯಿತು, ಏನು ಬಂತು, ಮುಂದಿನದು ಯಾವಾಗ ಎಂದೂ ಬರೆದು ಕಳಿಸಬೇಕು. ಹಾಗೆ ಬರೆದಿದ್ದರೆ ಮೂಡಿಗೆರೆಯಲ್ಲಿ ಕೊಟ್ಟ ಮಾದರಿಯ ಫಲಿತಾಂಶದ ಮೇಲೆ ಕೊಪ್ಪಳದಲ್ಲೋ ಜಾರ್ಖಂಡಿನಲ್ಲೋ ಚಿಕಿತ್ಸೆ ಶುರುಮಾಡಬಹುದು, ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುವುದಿಲ್ಲ.